ಒಂಟಿ ಅರಸು, ಎರಡು ಒಂಟೆ

ಚದುರಂಗವನ್ನು ಅಷ್ಟಿಷ್ಟು ಬಲ್ಲವರಲ್ಲಿ ಒಂದು ನಂಬಿಕೆಯುಂಟು. ಎದುರಾಳಿಯ ಕಾಯಿಗಳೆಲ್ಲ ಹೋಗಿ ಅವನ ಅರಸನೊಬ್ಬನೇ ಹಲಗೆಯ ಮೇಲೆ ಉಳಿದನೆಂದರೆ ಆಟವು ಮುಗಿದಂತೆಯೇ ಸರಿ, ಮಿಕ್ಕುದೆಲ್ಲ ಬರಿಯ ಶಾಸ್ತ್ರ ಎಂದು ಅವರು ಭಾವಿಸುತ್ತಾರೆ. ಗೆಲ್ಲುವವನ ಬಳಿ ಮಂತ್ರಿಯು ಉಳಿದಿದ್ದರೆ ಈ ಮಾತು ನಿಜವೇ. ಆನೆಯೊಂದು ಉಳಿದಿದ್ದರೂ ನಿಜವೆನ್ನಬಹುದು. ತಪ್ಪದೆ ಆಡುವವನು ಮಂತ್ರಿಯ ಸಹಾಯದಿಂದ ಹೆಚ್ಚೆಂದರೆ 10 ನಡೆಗಳಲ್ಲಿಯೂ, ಆನೆಯ ಸಹಾಯದಿಂದ ಹೆಚ್ಚೆಂದರೆ 16 ನಡೆಗಳಲ್ಲಿಯೂ ಒಂಟಿ ಅರಸನನ್ನು ಮಾತ್ ಮಾಡಬಲ್ಲನು. ಆದರೆ ತನ್ನ ಕಡೆಯಲ್ಲಿ ಅರಸನೂ ಎರಡು ಒಂಟೆಗಳೂ ಮಾತ್ರವೇ ಉಳಿದಿರುವಾಗ ಏನು ಮಾಡತಕ್ಕದ್ದು? ಶಾಲೆಯ ಮಕ್ಕಳನ್ನು ಕೇಳಿದರೆ 'ಅದೇನು ಮಹಾ' ಎನ್ನುತ್ತಾರೆ. ಹಲಗೆಯನ್ನು ಮುಂದಿಟ್ಟು ಆಡಿಸಿದರೆ, ಅರ್ಧ ಗಂಟೆಯಾದ ಮೇಲೆಯೂ ಆ ಒಂಟಿ ಅರಸನು ನಡುಮನೆಗಳಲ್ಲಿಯೇ ವಿಹರಿಸುತ್ತಿರುತ್ತಾನೆ. ಈ ಅಲ್ಪ ವಿಷಯವನ್ನು ಕುರಿತು ಸುಮಾರು ಒಂದು ವರ್ಷದಿಂದ ದಿನವೂ ಸಂಜೆ ನಾವು ಆಲೋಚಿಸಬೇಕಾದ ಸಂದರ್ಭವು ಒದಗಿರುವುದರಿಂದ, ವಾಚಕರೊಡನೆ ನಾಲ್ಕು ಮಾತುಗಳನ್ನು ಆಡಬೇಕೆನಿಸಿದೆ.

ಒಂಟೆಯ ಸ್ವಭಾವವೇ ವಿಚಿತ್ರವಾದುದು. ಓರೆಯಾಗಿ ಎಷ್ಟು ದೂರ ಬೇಕಾದರೂ ಅದು ಓಡಬಲ್ಲದು. ಆದರೆ ಬಿಳಿಯ ಮನೆಯಲ್ಲಿ ಹೊರಟ ಒಂಟೆಯು ಆಟದ ಕೊನೆಯವರೆಗೂ ಬಿಳಿಯ ಮನೆಗಳನ್ನೇ ತುಳಿಯತಕ್ಕದ್ದು. ಕರಿಯ ಮನೆಯದು ಕರಿಯ ಮನೆಗಳನ್ನೇ. ಹಲಗೆಯ 64 ಮನೆಗಳಲ್ಲಿ 32 ಮನೆಗಳು ಅದರ ಪಾಲಿಗೆ ಇಲ್ಲವೇ ಇಲ್ಲ. ಒಬ್ಬನೇ ಅರಸನ ಸೇವೆಯಲ್ಲಿದ್ದರೂ ಎರಡು ಒಂಟೆಗಳು ಒಂದೇ ಮನೆಯಲ್ಲಿ ಹೆಜ್ಜೆಯಿಡಲಾರವು. ಒಂದಕ್ಕೆ ಆಪತ್ತು ಬಂದರೆ ಇನ್ನೊಂದು ಅದನ್ನು ಕಾಯಲಾರದು. ಒಂದೇ ಒಂಟೆಯನ್ನಿಟ್ಟುಕೊಂಡು ಒಂಟಿ ಅರಸನನ್ನು ಮಾತ್ ಮಾಡುವುದು ಯಾವ ಜಾಣನಿಂದಲೂ ಆಗತಕ್ಕ ಕೆಲಸವಲ್ಲ. ಕಾಲಾಳು ಬಡ್ತಿ ಪಡೆದು ಒಂಟೆಯಾಗಿ, ಎರಡು ಒಂಟೆಗಳೂ ಒಂದೇ ಬಣ್ಣದ ಮನೆಗಳಲ್ಲಿ ನಿಂತರೆ ಆಗಲೂ ಆಗದು. ಬಣ್ಣ ಬೇರೆಯಾಗಿರಬೇಕು. ಆಗ ಮಾತ್ರವೇ ಮಾರ್ಗವುಂಟು. ಅದೂ ಅರಸನು ತಾನೇ ಎದ್ದು ನಡೆದು ಬಂದರೆ.

ಈ ಕಾಯಿಯು ಮೊದಲು ಒಂಟೆಯಾಗಿರಲಿಲ್ಲ, ಆನೆಯಾಗಿತ್ತು ಎಂಬುದನ್ನು ಹಲವರು ಅರಿಯರು. ಅರಬ್ಬರು ಇದನ್ನು 'ಅಲ್‌ ಫೀಲ್' ಎಂದರು. ಫೀಲ್ ಎಂದರೆ ಆನೆ. ಸ್ಪೇನ್ ದೇಶದವರು ಇಂದಿಗೂ ಆ ಹೆಸರನ್ನೇ ಸ್ವಲ್ಪ ತಿರುಚಿ ಕರೆಯುತ್ತಾರೆ. ರಷ್ಯದವರು ತಮ್ಮ ಮಾತಿನಲ್ಲಿ ಆನೆಯೆಂದೇ ಹೇಳುತ್ತಾರೆ. ಆಂಗ್ಲರಿಗೆ ಇದು ಧರ್ಮಾಧಿಕಾರಿಯಾದ ಬಿಷಪ್ಪನು, ಫ್ರೆಂಚರಿಗೆ ವಿದೂಷಕ, ಜರ್ಮನರಿಗೆ ಓಟಗಾರ. ನಮ್ಮಲ್ಲಿಯಾದರೋ ಆನೆಯು ಮೂಲೆಯಲ್ಲಿದೆ, ಈ ಜಾಗದಲ್ಲಿ ಒಂಟೆಯು ನಿಂತಿದೆ. ಆ ಹಿಂದಿನ ಆನೆಗೆ ಇಂದಿನ ಒಂಟೆಯ ಓಟವಿರಲಿಲ್ಲ. ಓರೆಯಾಗಿ ಎರಡನೆಯ ಮನೆಗೆ ಹಾರುವುದಷ್ಟೇ ಅದರ ನಡೆ. ಹಾಗೆ ಹಾರುತ್ತ ಹಾರುತ್ತ ಅದು ಇಡೀ ಹಲಗೆಯಲ್ಲಿ ಮುಟ್ಟಬಲ್ಲ ಮನೆಗಳು ಎಂಟೇ ಎಂಟು. ಎರಡು ಆನೆಗಳೂ ಸೇರಿ ಹದಿನಾರು. ಇಂತಹ ಬಡಪಾಯಿಗಳಿಂದ ಅರಸನನ್ನು ಹಿಡಿಯುವುದೆಲ್ಲಿ ಬಂತು? ಅರಬ್ಬರ ಆಟದಲ್ಲಿ ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ಅರಸನನ್ನು ಒಂಟಿಮಾಡಿದರೆ ಅದನ್ನೇ ಗೆಲುವೆಂದು ಎಣಿಸುತ್ತಿದ್ದರು. 15ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನ್, ಇಟಲಿ ದೇಶಗಳ ಕಡೆಯಲ್ಲಿ ಮಂತ್ರಿಗೂ ಈ ಕಾಯಿಗೂ ಉದ್ದನೆಯ ಓಟವು ದೊರೆಯಿತು. 1497ರಲ್ಲಿ ಸಾಲಮಾಂಕಾ ನಗರದಲ್ಲಿ ಅಚ್ಚಾದ ಲುಸೇನಾ ಎಂಬಾತನ ಪುಸ್ತಕದಲ್ಲಿ ಹಳೆಯ ಆಟದ ಸಮಸ್ಯೆಗಳೂ ಹೊಸ ಆಟದ ಸಮಸ್ಯೆಗಳೂ ಬೆರೆತುಕೊಂಡಿವೆ. ಆದುದರಿಂದ ಎರಡು ಒಂಟೆಗಳಿಂದ ಮಾತ್ ಮಾಡುವ ವಿದ್ಯೆಯ ವಯಸ್ಸು ಐನೂರು ವರ್ಷಗಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸುತ್ತ ಚದುರಂಗಕ್ಕೂ ಅದರಲ್ಲಿ ಸ್ಥಳ ಕೊಟ್ಟಿದ್ದಾನೆ. ಈ ವಿದ್ಯೆಯನ್ನು ಮಾತ್ರ ಅವನು ಕಂಡಿರಲಾರನು.

ನಮ್ಮ ಮನೆಯಲ್ಲಿ ತೀರ್ಥರೂಪರು ಆಡುತ್ತಿದ್ದುದು ದೇಶೀಯ ಕ್ರಮದ ಆಟ. ಕಾಲಾಳು ಮೊದಲಲ್ಲಿಯೂ ಒಂದೇ ಮನೆ ನಡೆಯುವುದು. ಅರಸನಿಗೆ ಒಂದು ಸಲ ಮಾತ್ರ ಕುದುರೆಯಂತೆ ಹಾರುವ ಅಧಿಕಾರ. ಎದುರಾಳಿಯ ಅರಸನು ಒಂಟಿಯಾದನೋ, ಅಲ್ಲಿಗೆ ಆಟ ನಿಂತಿತು, ಗೆದ್ದವನಿಗೆ ಅರ್ಧ ಗೆಲುವು. ಪೂರ್ಣ ಗೆಲುವು ಬೇಕಾದರೆ ಅವನ ಬಳಿ ಒಂದು ಕಾಯಿಯಾದರೂ ಇರುವಾಗಲೇ ಮಾತ್ ಮಾಡಬೇಕು. ಪರಿವಾರವನ್ನೆಲ್ಲ ಕಳೆದುಕೊಂಡವನನ್ನು ಮನೆಯಿಂದ ಮನೆಗೆ ಅಟ್ಟಾಡಿಸುವುದು ಸಭ್ಯರಿಗೆ ತಕ್ಕುದಲ್ಲವೆಂದು ತೀರ್ಥರೂಪರು ಹೇಳುತ್ತಿದ್ದರು. ಅವರ ಬೆನ್ನ ಹಿಂದೆ ಕುಳಿತು ಒಂಬತ್ತನೆಯ ವಯಸ್ಸಿನಲ್ಲಿ ಆಟ ಕಲಿತವಳು ನಮ್ಮ ಅಕ್ಕ. ನಮಗೆ ಆಟವನ್ನು ಹೇಳಿಕೊಟ್ಟವಳೂ ಅವಳೇ. ಅವಳನ್ನು ನಾವು ಗೆದ್ದ ಸಂದರ್ಭಗಳನ್ನು ಎಣಿಸಲು ಎರಡು ಕೈಗಳ ಬೆರಳುಗಳೇ ಧಾರಾಳವಾಗಿ ಸಾಕು.

ಕಳೆದ ವರ್ಷ ಮಾರ್ಗಶಿರದಲ್ಲಿ ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ವಯಸ್ಸು 76. ಜೀವಕ್ಕೆ ಅಪಾಯವಾಗಲಿಲ್ಲವೆಂಬುದು ಭಗವಂತನ ದಯೆ. ಆದರೆ ಬಲಗೈ ಸೋತಿತು, ಮಾತು ತೊದಲಿತು. ಭಾವನವರು ತೀರಿಕೊಂಡಂದಿನಿಂದ, ಎಂದರೆ 22 ವರ್ಷಗಳಿಂದ, ಅವಳು ನಮ್ಮೊಡನೆಯೇ ಇದ್ದಾಳೆ. ಮನೆಯ ಬೀಗದಕೈ ಗೊಂಚಲೂ ಲೆಕ್ಕದ ಪುಸ್ತಕವೂ ಅವಳ ವಶದಲ್ಲಿರತಕ್ಕವು. ಹಾಲಿನವನ ಬಾಕಿಯಿಂದ ಹಿಡಿದು ಮನೆಯ ಕಂದಾಯದವರೆಗೆ ಎಲ್ಲವೂ ಅವಳ ಕೈಬರಹದಲ್ಲಿಯೇ ಇರುವುದು. ಈಗ ಆ ಕೈಯೇ ಏಳದು. ಯುಗಾದಿಗೆ ಪುಣೆಯಿಂದ ಬಂದ ಅವಳ ಮಗನು ಲೆಕ್ಕಪತ್ರವನ್ನೂ ಪಿಂಚಣಿಯ ವ್ಯವಹಾರವನ್ನೂ ತಾನು ವಹಿಸಿಕೊಳ್ಳುವುದಾಗಿಯೂ, ಅಮ್ಮನನ್ನು ತನ್ನಲ್ಲಿಗೇ ಕರೆದುಕೊಂಡು ಹೋಗುವುದು ಒಳ್ಳೆಯದೆಂದೂ ಮೆಲ್ಲಗೆ ಹೇಳಿದನು. ಅವನ ಮಾತಿನಲ್ಲಿ ಕಳ್ಳತನವಿರಲಿಲ್ಲ, ಪ್ರೀತಿಯೇ ಇತ್ತು. 'ಅಮ್ಮನಿಗೆ ಈಗ ಎಷ್ಟು ತಿಳಿಯುತ್ತದೆಯೋ' ಎಂದು ಅವನು ಅವಳೆದುರಿಗೇ ಹೇಳಿದ ಒಂದು ಮಾತು ಮಾತ್ರ ನಮಗೆ ಚುಚ್ಚಿತು. ಅಕ್ಕ ಉತ್ತರ ಕೊಡಲಿಲ್ಲ. ಕೊಡಬೇಕೆಂದರೂ ಆಗ ಅವಳಿಗೆ ಒಂದು ವಾಕ್ಯವನ್ನು ಮುಗಿಸಲು ಬಹಳ ಹೊತ್ತು ಹಿಡಿಯುತ್ತಿತ್ತು. ಕೇಳುವವರಿಗೆ ಅಷ್ಟು ತಾಳ್ಮೆಯಿರಲಿಲ್ಲ.

ಆಟವು ಆ ವೇಳೆಗಾಗಲೇ ಆರಂಭವಾಗಿತ್ತು. ಸೋತ ಕೈಯಿಂದ ಸಣ್ಣ ಸಣ್ಣ ವಸ್ತುಗಳನ್ನು ಎತ್ತಿ ಇಡಿಸುತ್ತಿರಬೇಕೆಂದು ವೈದ್ಯರು ಹೇಳಿದ್ದರು. ಮೊದಲು ಹುಣಿಸೆಬೀಜ, ಆಮೇಲೆ ಗೋಲಿ. ಎರಡರಲ್ಲಿಯೂ ಅಕ್ಕನಿಗೆ ಮನಸ್ಸು ನಿಲ್ಲಲಿಲ್ಲ. ಪುಷ್ಯದ ಒಂದು ಸಂಜೆ ನಮ್ಮ ಮೊಮ್ಮಗಳು ಶಾಲೆಯ ಪಂದ್ಯಕ್ಕೆಂದು ಅಭ್ಯಾಸಮಾಡುತ್ತ, ನಾಲ್ಕೇ ಕಾಯಿಗಳನ್ನು ಹಲಗೆಯ ಮೇಲೆ ಬಿಟ್ಟು ಊಟಕ್ಕೆ ಎದ್ದುಹೋಗಿದ್ದಳು: ಇತ್ತ ಅರಸ, ಎರಡು ಒಂಟೆ, ಅತ್ತ ಒಂಟಿ ಅರಸ. ಅಕ್ಕ ಅದನ್ನು ಬಹಳ ಹೊತ್ತು ನೋಡಿ, ನಮ್ಮನ್ನು ಕರೆದು, ಎಡಗೈಯಿಂದ ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮೂವತ್ತೆರಡು ಕಾಯಿಗಳ ಆಟವನ್ನು ಹಿಂದೊಮ್ಮೆ ಪ್ರಯತ್ನಿಸಿ ಅವಳು ಹತ್ತು ನಿಮಿಷದಲ್ಲಿಯೇ ಬಳಲಿದ್ದಳು. ನಾಲ್ಕು ಕಾಯಿಗಳೆಂದರೆ ಸಾಧ್ಯವೆನಿಸಿರಬೇಕು. ನಾವು ಎದುರಿಗೆ ಕುಳಿತೆವು. ಒಂಟಿ ಅರಸನ ಪಾತ್ರವು ಅಂದಿನಿಂದ ನಮಗೆ ಮೀಸಲಾಯಿತು.

ಇನ್ನು ಆಟದ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಒಂದೇ ಒಂಟೆಯು ಕಾಯುವ ಓರೆಸಾಲನ್ನು ಅರಸನು ದಾಟಲಾರನೆಂದು ಹೊಸಬರು ತಿಳಿಯುತ್ತಾರೆ. ಅದು ಹಾಗಲ್ಲ. ಆ ಸಾಲಿನ ಮನೆಗಳ ಮೇಲೆ ಕಾಲಿಡದೆ, ಎರಡು ಮನೆಗಳ ಮೂಲೆಗಳು ಕೂಡುವ ಸಂದಿನಲ್ಲಿ ಓರೆಯಾಗಿ ಹೆಜ್ಜೆಯಿಟ್ಟು ಅವನು ಆಚೆಗೆ ನುಸುಳಬಲ್ಲನು. ಆದರೆ ಎರಡು ಒಂಟೆಗಳನ್ನೂ ಹಲಗೆಯ ನಡುವೆ ಅಕ್ಕಪಕ್ಕದ ಮನೆಗಳಲ್ಲಿ ನಿಲ್ಲಿಸಿದರೆ, ಒಂದರ ಓರೆಸಾಲಿಗೆ ಇನ್ನೊಂದರ ಓರೆಸಾಲು ಅಂಟಿಕೊಂಡು ಸಂದಿಲ್ಲದ ಬೇಲಿಯಾಗುತ್ತದೆ. ಅಲ್ಲಿ ನಿಂತು ಅವು 26 ಮನೆಗಳನ್ನು ಕಾಯುತ್ತವೆ. ಒಂದನ್ನೊಂದು ಎಂದೂ ಕಾಯಲಾರದ ಈ ಎರಡು ಕಾಯಿಗಳು ಬೇಲಿ ಕಟ್ಟುವುದರಲ್ಲಿ ಮಾತ್ರ ಆನೆಗಿಂತ ಚೊಕ್ಕ ಎಂಬುದು ನಮ್ಮ ಅಭಿಪ್ರಾಯ.

ಬೇಲಿಯಾದ ಮೇಲೆ ಒಂಟೆಗಳ ಕೆಲಸವು ಅಲ್ಲಿಗೆ ನಿಲ್ಲುತ್ತದೆ. ಮುಂದಕ್ಕೆ ಅವುಗಳಷ್ಟಕ್ಕೇ ಏನೂ ಸಾಗದು. ಅರಸನು ತನ್ನ ಸ್ಥಳವನ್ನು ಬಿಟ್ಟು ಒಂದೊಂದೇ ಮನೆಯಾಗಿ ನಡೆದು ಬಂದು ಒಂಟಿ ಅರಸನಿಗೆ ಎದುರಾಗಿ ನಿಲ್ಲಬೇಕು. ಅವನನ್ನು ಹಲಗೆಯ ಅಂಚಿಗೆ ನೂಕಬೇಕು, ಅಂಚಿನಿಂದ ಮೂಲೆಗೆ. ಹೊಸಬರು ತಪ್ಪುವುದು ಇಲ್ಲಿಯೇ. ಅವರು ಒಂಟೆಗಳನ್ನು ಅತ್ತಿಂದಿತ್ತ ಓಡಿಸಿ ಶಹದ ಮೇಲೆ ಶಹ ಕೊಡುತ್ತಾರೆ. ಅರಸನನ್ನು ಮನೆಯಲ್ಲಿ ಕೂರಿಸಿರುತ್ತಾರೆ. ಶಹ ಕೊಟ್ಟಷ್ಟೂ ಒಂಟಿ ಅರಸನಿಗೆ ಸಂತೋಷ, ಏಕೆಂದರೆ ಬೇಲಿ ಕದಲಿತು. ನಾವು ದಿನವೂ ಆ ಕಡೆಯಲ್ಲಿ ಕುಳಿತವರಾದುದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆವು. ನಮ್ಮ ಉಪಾಯಗಳು ಎರಡೇ: ನಡುಮನೆಗಳನ್ನು ಬಿಡದಿರುವುದು, ಕಾವಲಿಲ್ಲದ ಒಂಟೆಯ ಮೈಮೇಲೆ ಬೀಳುವುದು. ಒಂದು ಒಂಟೆಯನ್ನು ಹೊಡೆದೆವೋ, ಆಟ ಸಮ.

ಕೊನೆಯ ಹಂತವು ಎಲ್ಲಕ್ಕಿಂತ ಸೂಕ್ಷ್ಮವಾದುದು. ಒಂಟಿ ಅರಸನು ಮೂಲೆಯ ಮನೆಗೂ ಅದರ ಪಕ್ಕದ ಅಂಚಿನ ಮನೆಗೂ ಓಡಾಡುತ್ತಿರಬೇಕು. ನಮ್ಮ ಅರಸನು ಮೂಲೆಯಿಂದ ಕುದುರೆಯ ಒಂದು ಹಾರಿನಷ್ಟು ದೂರದಲ್ಲಿ, ಆ ಪಕ್ಕದ ಮನೆಗೆ ನೇರ ಎದುರಾಗಿ, ನಡುವೆ ಒಂದು ಮನೆ ಬಿಟ್ಟು ನಿಂತಿರಬೇಕು. ಮೂಲೆಯ ಬಣ್ಣದ ಒಂಟೆಯು ಅಂಚಿನ ಮೂರನೆಯ ಮನೆಯನ್ನು ಕಾಯುತ್ತಿರಬೇಕು. ಒಂಟಿ ಅರಸನು ಪಕ್ಕದ ಮನೆಯಲ್ಲಿರುವಾಗ ಇನ್ನೊಂದು ಒಂಟೆಯಿಂದ ಶಹ ಕೊಟ್ಟರೆ ಅವನು ಮೂಲೆಗೆ ಸರಿಯಲೇಬೇಕು. ಒಡನೆಯೇ ಮೂಲೆಯ ಬಣ್ಣದ ಒಂಟೆಯನ್ನು ಉದ್ದನೆಯ ಓರೆಸಾಲಿಗೆ ತಂದರೆ ಮಾತ್. ಅವನು ಮೂಲೆಯಲ್ಲಿ ಕುಳಿತಿರುವಾಗಲೇ ಆತುರಪಟ್ಟು ಇನ್ನೊಂದು ಒಂಟೆಯಿಂದ ಪಕ್ಕದ ಮನೆಯನ್ನು ಮುಚ್ಚಿದರೋ, ಅವನಿಗೆ ಶಹವೂ ಇಲ್ಲ, ಇಡಲು ಹೆಜ್ಜೆಯೂ ಇಲ್ಲ. ಆಟ ಸಮವಾಯಿತು! ಅಷ್ಟೂ ಶ್ರಮವು ನೀರಿನಲ್ಲಿ ಹೋಮ. ಆಗ ಮಾಡತಕ್ಕದ್ದು ಇಷ್ಟೆ: ಮೂಲೆಯ ಬಣ್ಣದ ಒಂಟೆಯನ್ನು ಅದೇ ಸಾಲಿನಲ್ಲಿಯೇ ಹಿಂದಕ್ಕೋ ಮುಂದಕ್ಕೋ ಸುಮ್ಮನೆ ಒಂದು ನಡೆ ನಡೆಸಿ, ಒಂಟಿ ಅರಸನು ತಾನಾಗಿ ಪಕ್ಕದ ಮನೆಗೆ ಬರುವಂತೆ ಕಾಯುವುದು. ಏನನ್ನೂ ಮಾಡದಿರುವ ಈ ನಡೆಯನ್ನು ಕಂಡುಹಿಡಿಯಲು ಅಕ್ಕನಿಗೆ ಮೂರು ವಾರಗಳು ಬೇಕಾದುವು. ನಮ್ಮ ಮೊಮ್ಮಗಳು ಹೇಳಿಕೊಡಲು ಬಾಯಿ ತೆರೆದಾಗಲೆಲ್ಲ ಅಕ್ಕ ಎಡಗೈಯನ್ನೆತ್ತಿ ತಡೆಯುತ್ತಿದ್ದಳು. ಕಂಡುಹಿಡಿದ ದಿನ ಅವಳು ಆ ನಡೆಯನ್ನು ಆಡಿ, ನಮ್ಮ ಮುಖವನ್ನು ನೋಡಿ, ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ನಕ್ಕುದು ಅದೇ ಮೊದಲು. ಬಾಯಿಯ ಒಂದು ಪಕ್ಕ ಮಾತ್ರ ನಕ್ಕಿತು.

ಆಟದ ನಡೆಗಳನ್ನು ನಾವು ಒಂದು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದೇವೆ. ಇಂದಿನ ಸಾರ್ವತ್ರಿಕ ನಿಯಮದ ಪ್ರಕಾರ, ಯಾವ ಕಾಯಿಯೂ ಹೊಡೆಯಲ್ಪಡದೆ, ಯಾವ ಕಾಲಾಳೂ ನಡೆಯದೆ, ಉಭಯ ಪಕ್ಷದವರೂ 50 ನಡೆಗಳನ್ನು ಆಡಿದರೆ ಆಟವು ಸಮವೆಂದು ಕೇಳಿಕೊಳ್ಳಬಹುದು. ಗಣಕಯಂತ್ರಗಳು ಎಲ್ಲ ಸ್ಥಿತಿಗಳನ್ನೂ ಎಣಿಸಿ ನೋಡಿರುವುದರಿಂದ, ಎರಡು ಒಂಟೆಗಳಿಗೆ ಹೆಚ್ಚೆಂದರೆ 19 ನಡೆಗಳು ಸಾಕೆಂಬುದು ಗೊತ್ತಾಗಿದೆ. ಒಂಟೆ ಒಂದು, ಕುದುರೆ ಒಂದು ಆದರೆ 33 ಬೇಕಾಗಬಹುದು. ಆದರೆ ಯಂತ್ರದ 19 ಮನುಷ್ಯರ 19 ಅಲ್ಲ. ನಮ್ಮ ಪುಸ್ತಕದ ಮೊದಲನೆಯ ಪುಟದಲ್ಲಿ ಸಂಖ್ಯೆಗಳೇ ಇಲ್ಲ. 'ಸಮ', 'ಸಮ', 'ಒಂಟೆ ಹೋಯಿತು', 'ಬಳಲಿದಳು', 'ಸಮ' ಎಂದಿದೆ. ಮಾಘದಲ್ಲಿ ಮೊದಲನೆಯ ಸಲ 47. ಆಮೇಲೆ 49, ಮತ್ತೆ ಸಮ, 44, 41. ಬಲಗೈಯಿಂದ ಕಾಯಿಯನ್ನು ಎತ್ತುವಾಗ ಅದು ಜಾರಿ ಉರುಳುತ್ತಿತ್ತು. ತೀರ್ಥರೂಪರ ಕಾಲದ ಬೀಟೆಮರದ ಕಾಯಿಗಳವು, ತಲೆ ನುಣುಪು. ಉರುಳಿದುದನ್ನು ನಾವು ಎತ್ತಿಕೊಡಲು ಹೋದರೆ ಅವಳಿಗೆ ಸಿಟ್ಟು. ಅವಳೇ ಎತ್ತುವವರೆಗೆ ನಾವು ಕಿಟಕಿಯ ಹೊರಗೆ ನೋಡುತ್ತ ಕುಳಿತಿರುತ್ತಿದ್ದೆವು.

ಒಂಟಿ ಅರಸನಾಗಿ ನಾವು ಒಮ್ಮೆಯೂ ಬೇಕೆಂದು ಸೋತುಕೊಡಲಿಲ್ಲ. ಇದು ಕಾಠಿಣ್ಯವೆಂದು ನಮ್ಮ ಮನೆಯವರು ಮೊದಮೊದಲು ಆಕ್ಷೇಪಿಸಿದರು. ರೋಗಿಯ ಸಂತೋಷಕ್ಕಾಗಿ ಒಂದು ಮನೆ ತಪ್ಪಿ ಇಟ್ಟರೆ ಏನು ಗಂಟು ಹೋಗುತ್ತದೆ ಎಂದರು. ಅದಕ್ಕೆ ಉತ್ತರವನ್ನು ಅಕ್ಕನೇ ಕೊಟ್ಟಳು. ಯುಗಾದಿಯ ಮಾರನೆಯ ದಿನ ಅವಳ ಮಗನು, ತಾಯಿಯನ್ನು ಸಂತೋಷಪಡಿಸಲೆಂದು, ನಮ್ಮ ಸ್ಥಳದಲ್ಲಿ ಕುಳಿತನು. ಆಟವನ್ನು ಅವನು ಬಲ್ಲನು. ಆದರೂ ನಡುಮನೆಗಳನ್ನು ತಾನಾಗಿ ಬಿಟ್ಟುಕೊಟ್ಟು, ನೆಟ್ಟಗೆ ಮೂಲೆಗೆ ನಡೆದು, 14ನೆಯ ನಡೆಗೆ ಮಾತ್ ಮಾಡಿಸಿಕೊಂಡು, 'ಭೇಷ್ ಅಮ್ಮಾ' ಎಂದನು. ಅಕ್ಕ ಎಡಗೈಯಿಂದ ಹಲಗೆಯ ಮೇಲಿನ ನಾಲ್ಕು ಕಾಯಿಗಳನ್ನೂ ಪೆಟ್ಟಿಗೆಗೆ ಸುರಿದು ಮುಚ್ಚಳ ಮುಚ್ಚಿದಳು. ರಾತ್ರಿಯವರೆಗೂ ಮಾತಾಡಲಿಲ್ಲ. ಮಲಗುವ ಮುನ್ನ ನಮ್ಮನ್ನು ಕರೆದು, ಒಂದೊಂದೇ ಪದವನ್ನು ಹುಡುಕಿಕೊಳ್ಳುತ್ತ, 'ನೀನು... ಹಾಗೆ... ಮಾಡಬೇಡ ಕಣೋ' ಎಂದಳು. 'ಇಲ್ಲ, ಅಕ್ಕ' ಎಂದೆವು.

ಮಾತು ಸ್ವಲ್ಪ ತಿಳಿಯಾದ ಮೇಲೆ, ಆಷಾಢದ ಸುಮಾರಿಗೆ, ನಾವು ಒಂದು ಪ್ರಶ್ನೆಯನ್ನು ಕೇಳಿದೆವು. ಒಂಟಿಯಾದವನನ್ನು ಅಟ್ಟಬಾರದೆಂದು ಅಪ್ಪ ಹೇಳುತ್ತಿದ್ದರಲ್ಲ, ನಿನಗೆ ಈ ಆಟ ಹೇಗೆ ಹಿಡಿಸಿತು? ಅಕ್ಕ ಹಲಗೆಯ ಮೇಲಿನ ಒಂಟಿ ಅರಸನನ್ನು ಸ್ವಲ್ಪ ಹೊತ್ತು ನೋಡಿ ಹೇಳಿದಳು: 'ಅಪ್ಪ ಅವನನ್ನು ಹಾಗೆಯೇ ಬಿಟ್ಟು ಎದ್ದುಬಿಡುತ್ತಿದ್ದರು. ಅವನ ಜೊತೆ ಯಾರೂ ಆಡುತ್ತಿರಲಿಲ್ಲ.' ತೀರ್ಥರೂಪರ ಅರ್ಧ ಗೆಲುವಿನ ಪದ್ಧತಿಯಲ್ಲಿ ಇಷ್ಟು ದಿನ ನಾವು ಔದಾರ್ಯವನ್ನಷ್ಟೇ ಕಂಡಿದ್ದೆವು. ಎರಡು ಅಭಿಪ್ರಾಯಗಳಲ್ಲಿ ಯಾವುದು ಸರಿಯೆಂದು ವಾಚಕರೇ ಯೋಚಿಸಬೇಕು. ನಮಗೆ ಇನ್ನೂ ತೀರ್ಮಾನವಾಗಿಲ್ಲ.

ಶ್ರಾವಣದಲ್ಲಿ ಸಂಖ್ಯೆಯು ಮೂವತ್ತರ ಕೆಳಗಿಳಿಯಿತು. ಗೌರೀಹಬ್ಬದ ಖರ್ಚನ್ನು ಅಕ್ಕ ತಾನೇ ಬರೆದಳು. ಅಕ್ಷರವು ಒಂದನೆಯ ತರಗತಿಯ ಮಗುವಿನದರಂತೆ ಸೊಟ್ಟಗಿದ್ದರೂ ಕೂಡಿದ ಮೊತ್ತವು ಸರಿಯಾಗಿತ್ತು. ದೀಪಾವಳಿಗೆ ಮಗನು ಮತ್ತೆ ಬಂದನು. ನರಕಚತುರ್ದಶಿಯ ಸಂಜೆ ಅವನು ತಾನಾಗಿ ಹಲಗೆಯನ್ನು ತಂದು, 'ಅಮ್ಮಾ, ಈ ಸಲ ಸರಿಯಾಗಿ ಆಡುತ್ತೇನೆ' ಎಂದನು. ಆಡಿದನು ಕೂಡ. ನಡುಮನೆಗಳನ್ನು ಬಿಡಲಿಲ್ಲ, ಎರಡು ಸಲ ಒಂಟೆಯ ಮೈಮೇಲೆ ಬಿದ್ದನು. ಅಕ್ಕ ಅವಸರಪಡಲಿಲ್ಲ. ಬೇಲಿಯನ್ನು ಕದಲಿಸದೆ ಅರಸನನ್ನು ನಡೆಸಿಕೊಂಡು ಬಂದಳು. ಕೊನೆಗೆ ಅವನು ಮೂಲೆಯಲ್ಲಿ ಕುಳಿತಾಗ ಆ ಸುಮ್ಮನಿರುವ ನಡೆಯನ್ನು ಆಡಿ, ಸೆರಗನ್ನು ಸರಿಮಾಡಿಕೊಂಡು ಕಾದಳು. ಒಟ್ಟು 26 ನಡೆಗಳು. ಮಗನು ಹಲಗೆಯನ್ನು ನೋಡುತ್ತ ತುಂಬ ಹೊತ್ತು ಕುಳಿತಿದ್ದನು. ಲೆಕ್ಕದ ಪುಸ್ತಕದ ಪ್ರಸ್ತಾಪವನ್ನು ಆ ಸಲ ಅವನು ಎತ್ತಲಿಲ್ಲ. ಪುಣೆಯ ಮಾತೂ ಬರಲಿಲ್ಲ. ಮುಂದೆ ಬರಬಹುದು. ಅವಳಿಗೂ ನಮಗೂ ವಯಸ್ಸು ಕಡಮೆಯಾಗುತ್ತಿಲ್ಲವಷ್ಟೆ.

ಕಳೆದ ವಾರ ಅಕ್ಕ ಹೊಸದೊಂದು ತಗಾದೆ ತೆಗೆದಿದ್ದಾಳೆ. ಒಂಟಿ ಅರಸನೊಡನೆ ಆಡಿ ಬೇಸರವಾಯಿತಂತೆ. ನಮಗೆ ಒಂದು ಕುದುರೆಯನ್ನು ಕೊಡುವಳಂತೆ. ಎರಡು ಒಂಟೆಗಳೆದುರು ಒಂದು ಕುದುರೆ! ಇದು ದೊಡ್ಡವರ ವ್ಯವಹಾರ. 1851ರಲ್ಲಿ ಕ್ಲಿಂಗ್ ಮತ್ತು ಹಾರ್ವಿಟ್ಸ್ ಎಂಬಿಬ್ಬರು ಕುದುರೆಯು ತನ್ನ ಅರಸನೊಡನೆ ಮೂಲೆಯ ಬಳಿ ಕೋಟೆ ಕಟ್ಟಿಕೊಂಡು ಉಳಿಯುವ ಒಂದು ಸ್ಥಿತಿಯನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಇಂತಹ ಆಟವು ಸಮವೇ ಎಂದು ನೂರು ವರ್ಷಗಳಿಗೂ ಮಿಕ್ಕಿ ಪಂಡಿತರು ನಂಬಿದ್ದರು. 1983ರಲ್ಲಿ ಅಮೆರಿಕದ ಕೆನ್ ಥಾಂಪ್ಸನ್ ಎಂಬವರು ಗಣಕಯಂತ್ರದಿಂದ ಎಣಿಸಿದಾಗ, ಆ ಕೋಟೆಯೂ ನಿಲ್ಲದೆಂದೂ, ಸಾಮಾನ್ಯವಾಗಿ ಒಂಟೆಗಳೇ ಗೆಲ್ಲುವುವೆಂದೂ, ಆದರೆ ಕೆಲವು ಸಲ 66 ನಡೆಗಳವರೆಗೆ ಬೇಕಾಗುವುವೆಂದೂ ತಿಳಿದುಬಂತು. ಇದನ್ನೆಲ್ಲ ವಿವರಿಸಿ, ಐವತ್ತರ ನಿಯಮವಿರುವಾಗ 66 ನಡೆಗಳಿಗೆ ಅವಕಾಶವೆಲ್ಲಿ ಅಕ್ಕಾ ಎಂದು ಕೇಳಿದೆವು.

'ಅಪ್ಪನ ಆಟದಲ್ಲಿ ಈ ಎಣಿಕೆ ಎಲ್ಲಿತ್ತೋ?' ಎಂದು ಅವಳು ಪೆಟ್ಟಿಗೆಯ ಮುಚ್ಚಳವನ್ನು ತೆಗೆದು, ಬಲಗೈಯಿಂದಲೇ ಕರಿಯ ಕುದುರೆಯೊಂದನ್ನು ಹುಡುಕಿ ತಂದು ನಮ್ಮ ಅರಸನ ಪಕ್ಕದಲ್ಲಿಟ್ಟಳು. ನಾಲ್ಕು ದಿನಗಳಾದುವು. ಒಂಟೆಗಳು ಒಮ್ಮೆಯೂ ಗೆದ್ದಿಲ್ಲ. ಪುಸ್ತಕದಲ್ಲಿ ಮತ್ತೆ 'ಸಮ', 'ಸಮ' ಎಂದು ಬರೆಯುತ್ತಿದ್ದೇವೆ.